ಗಿಣ್ಣದ ಡಬ್ಬಿ

ನಿನ್ನ ಚಂದ್ರಿ ಹಾಯುವ ಎಮ್ಮೆಯಾಗಿರಲಿಲ್ಲ, ಮಾಬಮ್ಮ. ಹಾಯುತ್ತದೆ ಎಂದು ನಗರಸಭೆಯವರ ಮುಂದೆ ಸುಳ್ಳು ಹೇಳಿದವಳು ನಾನು — ನಿನ್ನ ಪಕ್ಕದ ಮನೆಯ ಅಕ್ಕಾರು, ಸಾಲಿಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವವಳು, ಖರೇ ಮಾತಾಡ್ರಿ ಎಂದು ದಿನಾ ಬೆರಳು ತೋರಿಸುವವಳು.

ಬರೆದೆ ನೋಡು! ಆರು ವರ್ಷ ಮುಚ್ಚಿಟ್ಟಿದ್ದು ಎರಡು ಸಾಲಿನಲ್ಲಿ ಹೊರಗೆ ಬಂತು. ನಿನಗೆ ಓದಲು ಬರುವುದಿಲ್ಲ. ನಿನ್ನ ಕಟ್ಟೆಯ ಮೇಲೆ ಕೂತು ನಾನೇ ಓದಿ ಹೇಳುತ್ತೇನೆ. ಎಮ್ಮೆ ಕಟ್ಟಲು ನೀನು ಹಾಕುವ ಅರ್ಜಿಯ ಜೊತೆ ಇದು ನಗರಸಭೆಯ ಕಚೇರಿಗೂ ಹೋಗಬೇಕು. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಬಿಡದೆ ಬರೆಯುತ್ತಿದ್ದೇನೆ.

ಗೊತ್ತಿಲ್ಲದ್ದು ಮೊದಲು. ಆ ವರ್ಷ ನಮ್ಮ ಮಾಳಿಗೆಯ ಮೇಲೆ, ನೀರಿನ ಟಾಕಿಯ ಹಿಂದೆ, ಒಂದು ಜೇನುಪೆಟ್ಟಿಗೆ ಇತ್ತು. ಸಾಲಿಯ ಕೆಲಸ ಅಂತ ಹೇಳಿ ಮೂರು ದಿನ ಕೊಪ್ಪಳಕ್ಕೆ ಹೋಗಿದ್ದೆನಲ್ಲ — ಅದು ಜೇನು ಸಾಕುವ ತರಬೇತಿ. ಗಂಗಾವತಿಯ ನಮ್ಮಂಥ ಇಕ್ಕಟ್ಟಿನ ಓಣಿಯಲ್ಲಿ ದನ ಕಟ್ಟಲಿ, ಜೇನು ಇಡಲಿ, ಅಕ್ಕಪಕ್ಕದವರ ಒಪ್ಪಿಗೆ ತಗೊಂಡು ಪರವಾನಗಿ ಮಾಡಿಸಬೇಕು ಅಂದಿದ್ದರು. ನೀನು ನನ್ನ ಹತ್ತಿರ ಸಹಿ ಹಾಕಿಸಿಕೊಂಡು ಚಂದ್ರಿಯ ಪರವಾನಗಿ ಮಾಡಿಸಿದ್ದಿ. ಓದಿದವಳು ನಾನು... ಕೇಳಿದರೆ ಯಾರಾದರೂ ಬ್ಯಾಡ ಅಂದಾರು ಎಂದು ಯಾರನ್ನೂ ಕೇಳಲೇ ಇಲ್ಲ.

ಆದರೆ ಆ ಪೆಟ್ಟಿಗೆಯ ಸಂಭ್ರಮ ಏನಂತ ಹೇಳಲಿ! ಮುಂಜಾನೆ ಚಹಾ ಹಿಡಿದು ಅದರ ಪಕ್ಕ ಕೂತರೆ, ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು ಹುಳ ಒಂದೊಂದೇ ಬಂದಿಳಿಯುತ್ತಿದ್ದವು. ಒಳಗೆ ಏನು ನಡೆದಿದೆಯೋ, ಎಷ್ಟು ತುಂಬಿದೆಯೋ ಎಂದು ಸಣ್ಣ ಹುಡುಗಿಯ ಹಾಗೆ ಕಿವಿ ಇಟ್ಟು ಕೇಳುತ್ತಿದ್ದೆ. ಕೈಯಲ್ಲಿನ ಚಹಾ ದಿನಾ ಆರಿ ತಣ್ಣಗಾಗುತ್ತಿತ್ತು.

ಅಷ್ಟರಲ್ಲಿ ಚಂದ್ರಿ ಈದಳು. ನೀನು ಸ್ಟೀಲಿನ ಡಬ್ಬಿಯಲ್ಲಿ ಗಿಣ್ಣ ತಂದುಕೊಟ್ಟಿ — ಬೆಲ್ಲ, ಯಾಲಕ್ಕಿ ಹಾಕಿ ಕಾಸಿದ್ದು, ಇನ್ನೂ ಬಿಸಿ ಇತ್ತು. ಗಿಣ್ಣದ ಡಬ್ಬಿಯನ್ನು ನಮ್ಮಲ್ಲಿ ಯಾರು ಖಾಲಿ ಕೊಡುತ್ತಾರೆ? ಸಕ್ಕರೆಯೋ, ಒಂದು ಹಿಡಿ ಅಕ್ಕಿಯೋ ಹಾಕಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ನನಗೆ ಹುಕಿ ಬಂತು: ಮೊದಲ ಜೇನನ್ನೇ ತುಂಬಿ ಕೊಡಬೇಕು! ಕೇಳಿದರೆ ಕುಷ್ಟಗಿ ಕಡೆಯ ಹೊಲದಿಂದ ಅಣ್ಣ ಕಳಿಸ್ಯಾನ ಅಂದರಾಯಿತು ಎಂದುಕೊಂಡೆ.

ಮರುದಿನ ಒಂದು ತೊಟ್ಟಿಲ ಕಾರ್ಯಕ್ಕೆ ಹೋಗಿ ಬಂದವಳು, ತಲೆತುಂಬ ಮಲ್ಲಿಗೆ ಮುಡಿದುಕೊಂಡೇ ಮಾಳಿಗೆ ಹತ್ತಿದೆ. ಸುಡುಬಿಸಿಲು ಬೇರೆ. ಘಮ ಹಚ್ಚಿಕೊಂಡು ಪೆಟ್ಟಿಗೆ ತೆಗೆಯಬೇಡ್ರಿ, ಮೊದಲು ಹೊಗೆ ಹಾಕ್ರಿ ಎಂದು ತರಬೇತಿಯಲ್ಲಿ ಹೇಳಿದ್ದರು, ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಆದರೂ ಮುಚ್ಚಳ ಎತ್ತಿದೆ. ಭರ್ ಅಂತ ಎದ್ದವು! ನಾನು ಸೆರಗು ಹೊದ್ದು ಮೆಟ್ಟಿಲಿಗೆ ಓಡಿದೆ. ಹುಳ ಕೆಳಗಿಳಿದವು — ಕೆಳಗೆ ನಿನ್ನ ಹಿತ್ತಲಲ್ಲಿ ಕಟ್ಟಿಹಾಕಿದ ಚಂದ್ರಿ ಇದ್ದಳು. ನಾನಾದರೂ ಓಡಿದೆ, ಅವಳ ಕೊರಳಿಗೆ ಹಗ್ಗ ಇತ್ತು.

ಮೂಗು, ಕಣ್ಣು ಎಲ್ಲಾ ಕಡಿಸಿಕೊಂಡು, ಹಗ್ಗ ಹರಿದುಕೊಂಡು ಓಣಿಗೆ ನುಗ್ಗಿದಳು. ಬೈಕಿನವನೊಬ್ಬ ಅಡ್ಡ ಸಿಕ್ಕು ಬಿದ್ದು ಕೈ ಮುರಿದುಕೊಂಡ. ಓಣಿಯವರು ಕಂಡದ್ದು ನುಗ್ಗುವ ಎಮ್ಮೆಯನ್ನಷ್ಟೇ, ಹುಳ ಯಾರ ಕಣ್ಣಿಗೂ ಬೀಳಲಿಲ್ಲ. ನೀನು ಬರಿಗಾಲಲ್ಲಿ ಅವಳ ಹಿಂದೆ ಓಡಿದಿ. ಅದಕ್ಕೇ ನಗರಸಭೆಯ ಮನುಷ್ಯ ಬಂದು ವಿಚಾರಿಸುವಾಗ ನೀನು ಅಲ್ಲಿರಲಿಲ್ಲ. ಎಮ್ಮಿ ಹಿಂದ ಎಂದಾದರೂ ಹಿಂಗ ಮಾಡಿತ್ತೇನ್ರಿ ಅಕ್ಕಾರ ಎಂದು ಅವನು ಕೇಳಿದ್ದು ನನ್ನನ್ನು. ನನ್ನ ಕಿವಿಯ ಮೇಲೆ ಎರಡು ಕಡಿತ ಉಬ್ಬಿ ನಿಂತಿದ್ದವು. ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಹೇಳಿದೆ:

"ಅದು ಮೊದಲಿಂದ ಹಾಯ್ತೈತ್ರಿ."

ಇಷ್ಟೇ. ಅಕ್ಕಾರ ಹೇಳ್ಯಾರಂದ ಮ್ಯಾಲ ಮುಗೀತು ಎಂದು ಅವನು ಬೇರೆ ಯಾರನ್ನೂ ಕೇಳಲಿಲ್ಲ. ನಿನ್ನ ಪರವಾನಗಿ ಹೋಯಿತು. ಚಂದ್ರಿಯೂ ಅವಳ ಕರುವೂ ಹುಲಿಹೈದರದ ನಿನ್ನ ತಂಗಿಯ ಮನೆಗೆ ಹೋದವು. ಹಾಲು ಮಾರುತ್ತಿದ್ದ ನೀನು ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯಲು ಹೋದಿ. ನಾನು ಪೆಟ್ಟಿಗೆಯನ್ನು ಅಣ್ಣನ ಸೂರ್ಯಕಾಂತಿ ಹೊಲಕ್ಕೆ ಸಾಗಿಸಿದೆ. ಚಂದ್ರಿ ನನ್ನ ಕೈಯಿಂದ ಕಲಗಚ್ಚು ಕುಡಿದು ಮೊಣಕೈವರೆಗೂ ನೆಕ್ಕುತ್ತಿದ್ದವಳು, ಮಾಬಮ್ಮ. ಹೋದ ವರ್ಷ ಸತ್ತಳು ಅಂತ ನೀನು ಹೇಳಿದಾಗ ನಾನು ಅಯ್ಯೋ ಪಾಪ ಅಂದೆ. ಹಾಯುವ ಎಮ್ಮೆ ಎಂಬ ಹೆಸರು ಹೊತ್ತೇ ಸತ್ತಳು, ಆಗಲೂ ನಾನು ಖರೇ ಹೇಳಲಿಲ್ಲ.

ನಿನ್ನೆ ಏನಾಯಿತು ನೋಡು. ಈಗ ನಗರಸಭೆಯವರು ಪರವಾನಗಿಗೆ ಮತ್ತೆ ಅರ್ಜಿ ಕರೆದಿದ್ದಾರಲ್ಲ, ಹಳೆ ಹುಚ್ಚು ಕೆದರಿ, ಜೇನುಪೆಟ್ಟಿಗೆ ಮಾಳಿಗೆಗೆ ತರುತ್ತೇನೆ, ಒಪ್ಪಿಗೆ ಕೊಡು ಎಂದು ನಿನ್ನ ಮುಂದೆ ಕಾಗದ ಹಿಡಿದೆ. ನೀನು ಒಂದು ಮಾತೂ ಕೇಳದೆ ಹೆಬ್ಬಟ್ಟು ಒತ್ತಿದಿ. ಆಮೇಲೆ ನಿನ್ನ ಅರ್ಜಿ ತೆಗೆದಿ. ಚಂದ್ರಿಯ ಮಗಳನ್ನು ತರಬೇಕು, ಅವಳಿಗೂ ಹಣೆಯ ಮೇಲೆ ಹಂಗ ಬಿಳಿ ಚಂದ್ರ ಐತಿ ಎಂದು ಹೇಳುವಾಗ ನಿನ್ನ ಮುಖ ನೋಡಬೇಕಿತ್ತು! ಆದರೆ ಕಚೇರಿಯ ಹಳೆ ಕಾಗದದಲ್ಲಿ ಹಾಯುವ ಎಮ್ಮೆ ಅಂತ ಇದೆಯಂತೆ, ಪಕ್ಕದ ಮನೆಯವರು ಬರೆದುಕೊಟ್ಟರೆ ಮಾತ್ರ ನೋಡುತ್ತಾರಂತೆ.

"ಯಾರು ಬರಸ್ಯಾರೋ ಗೊತ್ತಿಲ್ರಿ ಅಕ್ಕಾರ. ನೀವು ಅದಕ ಕಲಗಚ್ಚು ಹಾಕಿದವ್ರು. ಖರೇ ಏನೈತಿ ಅಷ್ಟ ಬರೀರಿ."

ಅಷ್ಟ ಬರೀರಿ ಅಂದಿಯಲ್ಲ — ಬರೆದಿದ್ದೇನೆ. ಜೇನು ನನ್ನದು, ತಪ್ಪು ನನ್ನದು, ಸುಳ್ಳು ನನ್ನದು ಎಂದು ನಿನ್ನ ಅರ್ಜಿಯ ಮೇಲೆ ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿದ್ದೇನೆ. ಆರು ವರ್ಷದಲ್ಲಿ ಇಷ್ಟು ಹಗುರ ಎಂದೂ ಆಗಿರಲಿಲ್ಲ! ನನ್ನ ಅರ್ಜಿ ನಿನ್ನ ಕೈಗೆ ವಾಪಸು ಕೊಡುತ್ತೇನೆ. ಅದರ ಮೇಲಿನ ಹೆಬ್ಬಟ್ಟು ನಿನ್ನನ್ನು ಕತ್ತಲಲ್ಲಿಟ್ಟು ತಗೊಂಡದ್ದು. ಹರಿದು ಹಾಕಿದರೂ ನಾನು ಯಾಕೆ ಅಂತ ಕೇಳುವುದಿಲ್ಲ.

ಓದಿ ಹೇಳುವಾಗ ಒಂದು ಸಾಲು ನುಂಗಿಬಿಟ್ಟೇನು ಎಂದು ನನಗೆ ನನ್ನ ಮೇಲೇ ನಂಬಿಕೆ ಇಲ್ಲ. ಅದಕ್ಕೇ ಇದರ ಝೆರಾಕ್ಸನ್ನು ಮೊದಲು ಕಚೇರಿಗೆ ಕೊಟ್ಟು, ಆಮೇಲೆ ನಿನ್ನ ಕಟ್ಟೆಗೆ ಬರುತ್ತೇನೆ. ನಿನ್ನ ಡಬ್ಬಿಯನ್ನೂ ತರುತ್ತೇನೆ. ಆರು ವರ್ಷದಿಂದ ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲೇ ಇತ್ತು. ಅಣ್ಣ ಕೊಟ್ಟ ಜೇನು ತುಂಬಿದ್ದೇನೆ. ಕೇಳಿದ ಮೇಲೆ ನಿನಗೆ ಅದು ಬೇಡವಾದರೆ ಚೆಲ್ಲಿಬಿಡು, ಮಾಬಮ್ಮ, ಡಬ್ಬಿ ಮಾತ್ರ ಇಟ್ಟುಕೋ. ಅದು ನಿನ್ನದು.