ಕೊನೆಯ ತೊಟ್ಟಿಯ ಕಲಕು ನೀರು

ಸುಳ್ಯದಿಂದಾಚೆ ಒಂದು ಕುಡಿಯುವ ನೀರಿನ ಘಟಕದಲ್ಲಿ ಅಚ್ಚುತನಿಗೆ ಏಳು ವರ್ಷದ ಸರ್ವಿಸು. ಹೊಳೆಯ ನೀರು ಒಂದೇ ಕಾಲುವೆಯಲ್ಲಿ ಬಂದು, ಕೆಸರು ತಳಕ್ಕಿಳಿಯುವ ನಾಲ್ಕು ತೊಟ್ಟಿಗಳಿಗೆ ಹಂಚಿಹೋಗಬೇಕು. ಮೂರರಲ್ಲಿ ನೀರು ತಿಳಿ, ನಾಲ್ಕನೆಯದರಲ್ಲಿ ಮಾತ್ರ ಸದಾ ಕಲಕು. ಬೈಗುಳವೆಲ್ಲ ಅಚ್ಚುತನಿಗೇ. ತೋಟಕ್ಕೆ ನೀರು ಬಿಟ್ಟು ಬೆಳೆದವನು ಅವನು. ಕೊನೆಯ ಸಾಲಿಗೆ ನೀರು ಸಾಲುವುದಿಲ್ಲವೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಲ್ಲೂ ಕೊನೆಯ ತೊಟ್ಟಿಗೆ ನೀರು ಸಾಲದೆಯೇ ಕಲಕು ಎಂದುಕೊಂಡು ದಿನಾ ಬೆಳಿಗ್ಗೆ ಮೊದಲನೆಯ ತೊಟ್ಟಿಯ ಗೇಟನ್ನು ಅರ್ಧ ಮುಚ್ಚಿ, ನೀರನ್ನು ಮುಂದಕ್ಕೆ ಅಟ್ಟುತ್ತಿದ್ದ.

ಹೊಸದಾಗಿ ಬಂದ ಇಂಜಿನಿಯರ್ ತೃಷಾ ಮೇಡಂ ಕಾಲುವೆಯ ಉದ್ದಕ್ಕೂ ಸ್ಕೇಲು ಇಳಿಸಿ ನೋಡಿದರು. ನೀರಿನ ಮಟ್ಟ ಕೊನೆಯಲ್ಲೇ ಎರಡು ಬೆರಳು ಹೆಚ್ಚಿತ್ತು.

"ಅಚ್ಚುತಣ್ಣ, ಇಲ್ಲಿ ನೀರು ಜೋರು ಓಡಿಬಂದು ಕೊನೆಯಲ್ಲಿ ನಿಂತು ಏರುದು. ನಾಲ್ಕನೆಯದಕ್ಕೆ ನೀರು ಜಾಸ್ತಿ ಹೋಗಿ, ಕೆಸರು ಇಳಿಲಿಕ್ಕೆ ಪುರುಸೊತ್ತೇ ಇಲ್ಲ. ನೀವು ಗೇಟು ಮುಚ್ಚಿದ್ದರಿಂದ ಸ್ವಲ್ಪ ಹೆಚ್ಚಾಯ್ತು ಅಷ್ಟೆ. ಮೂಲ ತಪ್ಪು ಕಾಲುವೆಯದ್ದು."

ನೀರು ಕೊನೆಯಲ್ಲಿ ನಿಂತು ಏರದೆ ಉದ್ದಕ್ಕೂ ಒಂದೇ ವೇಗದಲ್ಲಿ ಓಡಲೆಂದು, ಕಾಲುವೆ ಕೊನೆಕೊನೆಗೆ ಕಿರಿದಾಗುವಂತೆ ಒಳಗೊಂದು ಓರೆ ಗೋಡೆ ಕಟ್ಟಿಸಿದರು. ಗೇಟುಗಳನ್ನೆಲ್ಲ ಪೂರ್ತಿ ತೆರೆಸಿದರು. ಮೂರನೆಯ ದಿನ ನಾಲ್ಕನೆಯ ತೊಟ್ಟಿಗೆ ಬಗ್ಗಿದ ಅಚ್ಚುತನಿಗೆ ತಿಳಿನೀರಿನಲ್ಲಿ ತನ್ನ ಮುಖವೇ ಕಾಣಿಸಿತು. ಏಳು ವರ್ಷದ ಭಾರ ಇಳಿದಂತೆ ಅವನು ಗಟ್ಟಿಯಾಗಿ ನಕ್ಕುಬಿಟ್ಟ.

"ಅಲ್ಲ ಮಾರಾಯ್ರೆ, ಇಷ್ಟು ದಿನ ನಾನು ಹೊಟ್ಟೆ ತುಂಬಿದವನಿಗೇ ಒತ್ತಾಯ ಮಾಡಿ ಬಡಿಸಿದ್ದಾ!"