ಬಾಯ್ಲರ್ ಕಾಕನ ಹಿತ್ತಾಳೆ ಫಲಕ

ಮೊನ್ನೆ ಸೊಸೆ ಬಾವಿಕಟ್ಟೆಯ ಬಳಿ ಕೂತು ನನ್ನ ಅಮ್ಮನ ಕಾಲದ ಹಿತ್ತಾಳೆ ಕೊಡಪಾನ ಉಜ್ಜುತ್ತಿದ್ದಳು. ಹುಣಸೆಹುಳಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂಟ್ವಾಳದ ಅಕ್ಕಿ ಮಿಲ್ಲಿನ ಬಾಯ್ಲರ್ ಕಾಕ ಕಣ್ಣೆದುರು ಬಂದು ನಿಂತರು...

ನಾನು ಆ ಮಿಲ್ಲಿನಲ್ಲಿ ರೈಟರ್, ಅಂದರೆ ಗುಮಾಸ್ತ. ಕಾಕ ಬ್ಯಾರಿಗಳು, ನಮ್ಮ ಕರಾವಳಿಯ ಮುಸಲ್ಮಾನರು. ಕುಚ್ಚಲಕ್ಕಿಗೆ ಭತ್ತ ಬೇಯಿಸುವ, ಯಂತ್ರ ತಿರುಗಿಸುವ ಉಗಿಯೆಲ್ಲ ಅವರ ಕೈಯಲ್ಲಿ. ಬಾಯ್ಲರನ್ನು ಯಾರಾದರೂ ಹಳೇ ಡಬ್ಬ ಎಂದರೆ ಮಾತ್ರ ಮೂಗಿನ ತುದಿಯಲ್ಲಿ ಸಿಟ್ಟು. ಅದರ ಮುಖದ ಮೇಲೊಂದು ಹಿತ್ತಾಳೆ ಫಲಕವಿತ್ತು. ಉಕ್ಕು ಎಲ್ಲಿಯದು, ಎಷ್ಟು ಒತ್ತಡ ತಡೆಯುತ್ತದೆ, ಯಾರು ಪರೀಕ್ಷಿಸಿದರು ಎಂದೆಲ್ಲ ಅದರಲ್ಲಿ ಕೊರೆದಿತ್ತಂತೆ. ಪ್ರತಿ ಆಯುಧಪೂಜೆಯ ಮುನ್ನಾದಿನ ಕಾಕ ಅದನ್ನು ಹುಣಸೆಹುಳಿ, ಇಟ್ಟಿಗೆ ಪುಡಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದರು. ಮರುದಿನ ಭಟ್ಟರು ಕುಂಕುಮ ಹಚ್ಚುವಾಗ, ಮದುಮಗಳ ತಂದೆಯ ಹಾಗೆ ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿದ್ದರು. ತಿಕ್ಕಿ ತಿಕ್ಕಿ ಫಲಕ ಕನ್ನಡಿಯಾಗಿತ್ತು. ನಾವು ಅದರಲ್ಲಿ ತಲೆ ಬಾಚಿಕೊಳ್ಳುತ್ತಿದ್ದೆವು.

ಆಮೇಲೆ ರಾಜ್ಯಗಳು ಬದಲಾದವು. ಮದ್ರಾಸಿನಲ್ಲಿದ್ದ ನಮ್ಮ ಜಿಲ್ಲೆ ಮೈಸೂರಿಗೆ ಸೇರಿತು. ಮದ್ರಾಸಿನ ಹಳೆಯ ಇನ್‌ಸ್ಪೆಕ್ಟರರಿಗೆ ಈ ಬಾಯ್ಲರಿನ ಜಾತಕವೇ ಬಾಯಿಪಾಠವಿತ್ತು. ಹೊಸಬರು ಘಟ್ಟದ ಮೇಲಿನವರು, ಒಳ್ಳೆಯ ಮನುಷ್ಯ. ಫಲಕಕ್ಕೆ ಟಾರ್ಚು ಬಿಟ್ಟರು, ಬೆರಳಾಡಿಸಿದರು.

"ಏನ್ರೀ ಇದು, ಒಂದಕ್ಷರಾನೂ ಇಲ್ವಲ್ಲ!"

"ಬಡಿದು ನೋಡಿ ಸಾರ್, ಗಂಟೆಯ ಹಾಗೆ ಶಬ್ದ ಉಂಟು," ಎಂದು ಕಾಕ ಸುತ್ತಿಗೆ ಕೊಟ್ಟರು.

ಅವರು ಬಡಿದರು. ಶಬ್ದ ಚೆನ್ನಾಗಿಯೇ ಇತ್ತು. ಆದರೆ ಉಕ್ಕಿನ ಮೂಲ ತಿಳಿಯದೆ ಪೂರ್ತಿ ಒತ್ತಡಕ್ಕೆ ಸರ್ಟಿಫಿಕೇಟು ಕೊಡಲು ಬರುವುದಿಲ್ಲ, ಅರ್ಧಕ್ಕೆ ಬೇಕಾದರೆ ಕೊಡಬಹುದು ಎಂದರು. ಅಷ್ಟು ಉಗಿಗೆ ಭತ್ತ ಬೆಂದೀತು, ಯಂತ್ರ ತಿರುಗದು. ಹಳೆಯ ದಾಖಲೆ ಕೇಳಿ ಮದ್ರಾಸಿಗೆ ಬರೆದರೆ, ನಿಮ್ಮ ಜಿಲ್ಲೆ ಈಗ ನಮ್ಮದಲ್ಲ ಎಂಬ ಉತ್ತರ ಬಂತು.

"ಉಕ್ಕಿಗೂ ಊರು ಕೇಳ್ತಾರಾ ರೈಟ್ರೇ?" ಎಂದರು ಕಾಕ.

ಮಿಲ್ಲಿನ ಧಣಿಗಳು ನಮ್ಮಿಬ್ಬರನ್ನೂ ಕರೆದುಕೊಂಡು ಬೇರೆ ಬಾಯ್ಲರ್ ಹುಡುಕಲು ಹೊರಟರು. ವೇಣೂರಿನಲ್ಲಿ ಕಂಡದ್ದು ದಪ್ಪ ತಗಡಿನದು, ನಮ್ಮದರಷ್ಟೇ ಗಟ್ಟಿ. ಆದರೆ ಅದಕ್ಕೂ ಹಿಂದುಮುಂದು ಹೇಳುವ ಅಕ್ಷರವಿಲ್ಲ. ಮೂಡುಬಿದಿರೆಯದು ತೆಳ್ಳಗಿತ್ತು, ಫಲಕದ ಅಕ್ಷರ ಮಾತ್ರ ನಿನ್ನೆ ಕೊರೆದಂತಿತ್ತು. ಕಾಕ ಅದರ ಮೇಲೆ ಬಹಳ ಹೊತ್ತು ಕೈಯಾಡಿಸಿದರು.

"ಇದನ್ನೇ ತೆಕ್ಕೊಳ್ಳುವ ಧಣಿ. ಇದಕ್ಕೆ ಊರು ಉಂಟು."

ಹಳೆಯದನ್ನು ಗುಜರಿಯವರು ಮಿಲ್ಲಿನ ಅಂಗಳದಲ್ಲೇ ತುಂಡು ಮಾಡಿದರು. ಅದರ ಉಕ್ಕು ಸುಲಭಕ್ಕೆ ಬಗ್ಗಲಿಲ್ಲ. ಅವರು ಬೆವರಿಳಿಸಿಕೊಂಡು ಬೈಯುತ್ತಿದ್ದರು. ಕಾಕ ಆ ದಿನ ಊಟ ಮಾಡಲಿಲ್ಲ. ಫಲಕ ಸವೆಸಿದ್ದಕ್ಕೆ ಅವರನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೇ ಒಳ್ಳೆಯದಿತ್ತೇನೋ...

ಮುಂದಿನ ಆಯುಧಪೂಜೆಗೆ, ಮೂಡುಬಿದಿರೆಯಿಂದ ತಂದ ಬಾಯ್ಲರಿನ ಫಲಕ ತಿಕ್ಕಲೆಂದು ನಾನೇ ಹುಣಸೆಹುಳಿ ತಂದುಕೊಟ್ಟೆ. ಕಾಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಬೇಡ ರೈಟ್ರೇ. ಉಜ್ಜಿದ್ರೆ ಊರು ಹೋಗ್ತದೆ."

ಮಸಿ ಹಿಡಿದ ಫಲಕಕ್ಕೇ ಭಟ್ಟರು ಕುಂಕುಮ ಇಟ್ಟರು. ಕಾಕ ನೋಡಲು ನಿಲ್ಲಲಿಲ್ಲ. ನನಗೆ ಅಳು ಬಂದು, ಭತ್ತದ ಮೂಟೆಗಳ ಹಿಂದೆ ಹೋಗಿ ನಿಂತೆ.

ಆಮೇಲೆ ಕೆಲವು ವರ್ಷಗಳಲ್ಲಿ ಕಾಕ ತೀರಿಕೊಂಡರು. ಮಿಲ್ಲೂ ಈಗಿಲ್ಲ. ಅವರಂತೆ ಒಂದು ವಸ್ತುವನ್ನು ಪ್ರೀತಿಸಿದವರನ್ನು ನಾನು ಮತ್ತೆ ಕಂಡಿಲ್ಲ...

"ಮಾವ, ಇಲ್ಲಿ ಏನೋ ಬರೆದ ಹಾಗೆ ಉಂಟಲ್ಲ," ಎಂದಳು ಸೊಸೆ.

ಕೊಡಪಾನದ ಕಂಠದಲ್ಲಿ ಅಮ್ಮನ ಹೆಸರು ಕೊರೆದದ್ದು. ಕೊನೆಯ ಅಕ್ಷರ ಆಗಲೇ ಸವೆದು ಹೋಗಿತ್ತು.

"ಅಲ್ಲಿ ಉಜ್ಜಬೇಡ ಮಗಾ," ಎಂದೆ.

"ಅಷ್ಟು ಜಾಗ ಕಪ್ಪಾಗಿಯೇ ಉಳೀತದಲ್ಲ ಮಾವ?"

"ಉಳಿಯಲಿ."