ಗುಂಡು ಹಾರುವಾಗ ನಿಲ್ಲುತ್ತಿದ್ದ ಆಟ

ಆ ಬಟ್ಟೆ ಬಿಳಿಯದಾಗಿತ್ತು ಎಂದು ನನ್ನ ನೆನಪು. ಅಣ್ಣ ನೀಲಿ ಎನ್ನುತ್ತಾನೆ. ವರ್ಷ ಎರಡು ಸಾವಿರದ ಎಂಟೋ ಒಂಬತ್ತೋ ಎಂಬುದರಲ್ಲೂ ನಮ್ಮಿಬ್ಬರಿಗೆ ಒಮ್ಮತವಿಲ್ಲ. ನಾನಾಗ ದಿನಚರಿ ಬರೆಯುತ್ತಿರಲಿಲ್ಲ. ಬರೆಯತೊಡಗಿದ ಮೇಲೆ ಹಳೆಯದನ್ನು ಮನಸ್ಸಿನಲ್ಲೇ ಎಷ್ಟು ಸಲ ತಿದ್ದಿದ್ದೇನೋ ತಿಳಿಯದು. ಇಲ್ಲಿ ಕೆಲವು ವಿವರ ತಪ್ಪಿರಬಹುದು. ಕಂಪ್ಯೂಟರನ್ನು ನಾನೇ ಜೋಡಿಸಿದ್ದೆ ಎಂಬುದು ಮಾತ್ರ ತಪ್ಪಲ್ಲ.

ಚಿಕ್ಕೋಡಿಯ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದೆ. ಕೊಲ್ಹಾಪುರದಿಂದ ಬಿಡಿಭಾಗ ತರಿಸಿ, ದಿಗ್ಗೇವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತು ಒಂದೊಂದೇ ಸ್ಕ್ರೂ ತಿರುಗಿಸಿದ್ದೆ. ಆಗಲೇ ನಮ್ಮ ಚಿಕ್ಕಪ್ಪ, ಕಾಕಾನಿಗೂ ರಾಯಬಾಗದ ತನ್ನ ಬೀಜ-ಗೊಬ್ಬರದ ಅಂಗಡಿಗೆ ಒಂದು ಕಂಪ್ಯೂಟರ್ ಬೇಕಾಗಿತ್ತು. ಕೊಲ್ಹಾಪುರದ ಸಿದ್ಧ ಯಂತ್ರ ತರುವುದೋ, ನನ್ನಿಂದ ಜೋಡಿಸಿಕೊಳ್ಳುವುದೋ ಎಂದು ತೂಗುತ್ತಿದ್ದ. ಮನೆಯದು ಸರಿಯಾಗಿ ನಡೆದರೆ ಅಂಗಡಿಯದನ್ನೂ ನಿನಗೇ ಕೊಡುತ್ತೇನೆ ಎಂದಿದ್ದ. ನನಗೆ ಆ ಕೆಲಸ ತುಂಬ ಬೇಕಾಗಿತ್ತು. ನಮ್ಮಲ್ಲಿ ಹುಡುಗಿಯರ ಕೈಕೆಲಸವನ್ನು ಹೊಗಳುವುದು ಹಪ್ಪಳ, ಶೇವಿಗೆಯವರೆಗೆ ಮಾತ್ರ. ಅಂಗಡಿಯ ಮೇಜಿನ ಮೇಲೆ, ನಾಲ್ಕು ಮಂದಿ ಗಿರಾಕಿಗಳಿಗೆ ಕಾಣುವಂತೆ ನಾನು ಮಾಡಿದ್ದೊಂದು ಇರಬೇಕು ಎಂಬ ಆಸೆ.

ಯಂತ್ರವನ್ನು ಪರೀಕ್ಷಿಸುವ ಹೊಣೆಯನ್ನು ಅಣ್ಣ ತಾನಾಗಿಯೇ ಹೊತ್ತುಕೊಂಡ. ಕಬ್ಬಿಗೆ ನೀರು ಬಿಟ್ಟು ಬಂದವನೇ ಮಧ್ಯಾಹ್ನವೆಲ್ಲ ಬಂದೂಕಿನ ಆಟವೊಂದನ್ನು ಆಡುತ್ತಿದ್ದ. ಕಾರು ಓಡಿಸುವ ಆಟ ಆಡಬಾರದೇ, ಆಟದಲ್ಲಾದರೂ ಕೊಲ್ಲುವುದು ಕೊಲ್ಲುವುದೇ ಅಲ್ಲವೇ ಎಂದು ಆಯಿ, ಅಂದರೆ ನಮ್ಮ ಅಜ್ಜಿ, ಪಕ್ಕದಲ್ಲಿ ಬೇಳೆ ಆರಿಸುತ್ತ ಗೊಣಗುತ್ತಿದ್ದಳು.

ಕೆಲವು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಆಟ ತಡವರಿಸತೊಡಗಿತು. ಬೀದಿಯಲ್ಲಿ ಸುಮ್ಮನೆ ನಡೆಯುವ ತನಕ ತೊಂದರೆಯಿಲ್ಲ. ಗುಂಡು ಹಾರಿ ಸ್ವಲ್ಪ ಹೊತ್ತಾಯಿತೋ, ಓಡುವವನು ಎತ್ತಿದ ಕಾಲು ಎತ್ತಿದಂತೆಯೇ ನಿಲ್ಲುವನು, ಮರುಕ್ಷಣ ಬೇರೆಲ್ಲೋ ಕಾಣಿಸುವನು. ಅಷ್ಟರಲ್ಲಿ ಅಣ್ಣ ಸತ್ತಿರುತ್ತಿದ್ದ.

"ಏನ ಬೇ ಎಂಜಿನಿಯರ, ನಿನ್ನ ಮಷಿನ್ ಗುಂಡಿನ ಸಪ್ಪಳಕ್ಕ ಅಂಜತೈತಿ," ಎಂದ ಅಣ್ಣ.

ಆಯಿ ತಲೆಯೆತ್ತಿ ಪರದೆ ನೋಡಿದಳು. "ಸಾಯಾಂವ ಸಾಯಲಾರದ ನಿಂತಾನ. ಛಲೋ ಆತು ಬಿಡು."

ಕಾಕಾ ನಗಲಿಲ್ಲ. ಪಂಚಮಿ ಮುಗಿದ ಮೇಲೆ ಕೊಲ್ಹಾಪುರಕ್ಕೆ ಹೋಗಿ ಬರುತ್ತೇನೆ ಎಂದಷ್ಟೇ ಹೇಳಿದ.

ಅಲ್ಲಿಂದ ನನ್ನ ಹುಡುಕಾಟ. ಆಟದ ಸೆಟ್ಟಿಂಗಿನಲ್ಲಿ ನೆರಳುಗಳನ್ನು ತೆಗೆದೆ, ಚಿತ್ರದ ಗುಣಮಟ್ಟ ಇಳಿಸಿದೆ. ಆಟದ ಊರು ಬೋಳಾಯಿತೇ ಹೊರತು ತಡವರಿಕೆ ಹೋಗಲಿಲ್ಲ. ಚಿಕ್ಕೋಡಿಯ ಇಂಟರ್ನೆಟ್ ಸೆಂಟರಿನಿಂದ ಗ್ರಾಫಿಕ್ಸ್ ಕಾರ್ಡಿನ ಹೊಸ ಡ್ರೈವರನ್ನು ಪೆನ್ ಡ್ರೈವಿನಲ್ಲಿ ತಂದು ಹಾಕಿದೆ. ಹಿನ್ನೆಲೆಯಲ್ಲಿ ಓಡುತ್ತಿದ್ದ ಆಂಟಿವೈರಸ್ ನಿಲ್ಲಿಸಿದೆ. ಹೊಳೆದಂಡೆಯ ಪಂಪುಗಳು ಒಟ್ಟಿಗೆ ಚಾಲೂ ಆದಾಗ ವೋಲ್ಟೇಜ್ ಕುಸಿಯುತ್ತದೆಂದು ಸ್ಟೆಬಿಲೈಸರನ್ನೂ ಅನುಮಾನಿಸಿದೆ. ಪಂಪು ನಿಂತಾಗಲೂ ಅದೇ ಕಥೆ. ಕೊನೆಗೆ, ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿವೆ ಎಂದು ತೋರಿಸುವ ಅಂಕಿಯನ್ನು ಪರದೆಯ ಮೂಲೆಯಲ್ಲಿ ಇಟ್ಟುಕೊಂಡೆ. ಅಣ್ಣ ಆಡುತ್ತಿದ್ದರೆ ನಾನು ಅಂಕಿ ನೋಡುತ್ತ ಕೂರುತ್ತಿದ್ದೆ. ಮೊದಲು ಅರವತ್ತರ ಆಸುಪಾಸು, ಬರಬರುತ್ತ ಹತ್ತು. ಬೆಳಗಿನ ತಂಪಿನಲ್ಲಿ ಆಡಿದರೆ ಅಷ್ಟು ಬೇಗ ಬೀಳುತ್ತಿರಲಿಲ್ಲ. ಹಾಗಾದರೆ ಇದು ಬಿಸಿಯ ಕಾಟ ಎನಿಸಿತು. ಒಳಗೆ ಬಿಸಿ ಏರಿದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಗುಂಡಿನ ಕಾಳಗದಲ್ಲೇ ಅದಕ್ಕೆ ದುಡಿಮೆ ಹೆಚ್ಚು.

ಡಬ್ಬಿಯ ಪಕ್ಕದ ತಗಡು ಬಿಚ್ಚಿ ಗೋಡೆಗೆ ಒರಗಿಸಿದೆ. ಆಟ ಸರಾಗವಾಗಿ ಓಡಿತು. ತಗಡು ಮುಚ್ಚಿದರೆ ಮತ್ತೆ ತಡವರಿಕೆ. ಫ್ಯಾನು ತಿರುಗುತ್ತಿತ್ತು, ಒಳಗೆ ಧೂಳೂ ಇರಲಿಲ್ಲ. ಹಾಗಿದ್ದರೆ ಅಂಗಡಿಯಲ್ಲೂ ತೆರೆದೇ ಇಡೋಣ ಎಂದ ಕಾಕಾ. ಅದು ಚುಚ್ಚುಮಾತು. ಗೊಬ್ಬರದಂಗಡಿಯ ಧೂಳಿನಲ್ಲಿ ತೆರೆದಿಟ್ಟ ಯಂತ್ರ ಬಾಳದೆಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಹಿತ್ತಲ ನಲ್ಲಿಗೆ ಕೊಡ ಹಿಡಿದಿದ್ದೆ. ನಾವು ಜೈನರು. ನೀರಿನಲ್ಲಿರುವ ಸಣ್ಣ ಜೀವಗಳಿಗೆ ಹಿಂಸೆಯಾಗದಿರಲೆಂದು ಸೋಸದ ನೀರನ್ನು ಬಳಸುವುದಿಲ್ಲ. ಮನೆಯ ಪ್ರತಿ ನಲ್ಲಿಯ ಬಾಯಿಗೂ ಎರಡು ಮಡಿಕೆಯ ಬಟ್ಟೆ ಕಟ್ಟಿರುತ್ತದೆ. ಅವತ್ತು ನೀರು ದಾರದಂತೆ ಇಳಿಯುತ್ತಿತ್ತು. ಆಯಿ ಬಂದು ಕೆಸರು ಹಿಡಿದ ಬಟ್ಟೆ ಬಿಚ್ಚಿ, ಒಗೆದದ್ದನ್ನು ಕಟ್ಟಿದಳು. ನೀರು ಧೋ ಎಂದು ಬಿತ್ತು. ಆಗ ನನ್ನ ಕಣ್ಣೆದುರಿಗೆ ಕಂಪ್ಯೂಟರಿನ ಆ ತಗಡು ಬಂತು. ಅದರ ಗಾಳಿಕಿಂಡಿಗೂ ಬಟ್ಟೆ ಇತ್ತು! ಎರಡು ಮಡಿಕೆ, ತೂತುಗಳಲ್ಲಿ ದಾರ ಪೋಣಿಸಿ ಹಾಕಿದ ಅದೇ ಗಂಟು. ಆ ತಗಡನ್ನು ನಾನೇ ಎಷ್ಟು ಸಲ ಬಿಚ್ಚಿ ಹಾಕಿದ್ದೆ. ಎಲ್ಲ ಬಾಯಿಗೂ ಬಟ್ಟೆ ಇರುವ ಮನೆಯಲ್ಲಿ ಹುಟ್ಟಿ ಬೆಳೆದ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಬೇರೆ ಮನೆಯ ಹುಡುಗಿ ಬಂದಿದ್ದರೆ ಮೊದಲ ದಿನವೇ ಇದೇನು ಎಂದು ಕೇಳುತ್ತಿದ್ದಳು.

ತಾನೇ ಕಟ್ಟಿದ್ದೆಂದು ಆಯಿ ಒಪ್ಪಿದಳು. "ಅದು ಗಾಳಿ ಜಗ್ಗತೈತಿ ತಂಗಿ. ದೀಪದ ಹುಳಾ ಒಳಗ ಹೋಗಿ ಫ್ಯಾನಿಗೆ ಸಿಕ್ಕ ಸಾಯತಾವ."

ಕಿತ್ತು ಬಿಸಾಡು ಎಂದ ಅಣ್ಣ. ಕಿತ್ತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಆದರೆ ನನಗೆ ಮನಸ್ಸಾಗಲಿಲ್ಲ. ಆಯಿಯ ಮಾತು ಉಳಿಯಬೇಕು, ಆಟವೂ ಓಡಬೇಕು. ಇಂದಿಗೂ ನನಗೆ ಹೆಮ್ಮೆಯಿರುವುದು ಇದರ ಬಗ್ಗೆಯೇ. ತಳ ಹರಿದಿದ್ದ ಹಳೆಯ ಜರಡಿಯೊಂದಕ್ಕೆ ಸೊಳ್ಳೆಪರದೆಯ ಒಂದೇ ಪದರವನ್ನು ಬಿಗಿಯಾಗಿ ಎಳೆದು ಕಟ್ಟಿದೆ. ಅದನ್ನು ಗಾಳಿಕಿಂಡಿಯ ಮೇಲೆ ಕವುಚಿ, ಅಂಚಿನ ಸಂದುಗಳನ್ನು ಮುಚ್ಚಿದೆ. ಜರಡಿ ಕಿಂಡಿಗಿಂತ ಬಹಳ ಅಗಲ. ಗಾಳಿಗೆ ಬೇಕಾದಷ್ಟು ದಾರಿಯಾಯಿತು, ಹುಳಕ್ಕೆ ಇಲ್ಲ. ಆಯಿ ಪರದೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ ತಲೆಯಾಡಿಸಿದಳು.

ಆ ಸಂಜೆ ಕಾಕಾ ಹಿಂದೆ ನಿಂತಿದ್ದ. ಅಣ್ಣ ಊರೆಲ್ಲ ಗುಂಡು ಹಾರಿಸಿದ. ಅಂಕಿ ಅರವತ್ತರ ಹತ್ತಿರವೇ ಕುಣಿಯುತ್ತಿತ್ತು. ಕಾಕಾ ಬಹಳ ಹೊತ್ತು ನೋಡಿ ಹೇಳಿದ: "ಅಂಗಡೀದೂ ನೀನ ಜೋಡಸು. ಅದಕ್ಕೂ ಒಂದು ಜರಡಿ ಇರಲಿ."

ಆ ಯಂತ್ರ ರಾಯಬಾಗದಲ್ಲಿ ವರ್ಷಗಟ್ಟಲೆ ನಡೆಯಿತು. ಮಷಿನಿಗೆ ಜರಡಿ ಯಾಕ್ರಿ ಎಂದು ಗಿರಾಕಿಗಳು ಕೇಳಿದರೆ, ಕಾಕಾ ನಮ್ಮ ಹುಡುಗಿ ಮಾಡಿದ್ದು ಎನ್ನುತ್ತಿದ್ದನಂತೆ. ಇದನ್ನು ನಾನೇ ಕೇಳಿದೆನೋ ಅಣ್ಣ ಹೇಳಿದನೋ, ಖಚಿತವಿಲ್ಲ. ಆ ಮಾತನ್ನು ಬಿಟ್ಟುಕೊಡಲು ಮಾತ್ರ ಸಿದ್ಧಳಿಲ್ಲ. ಅಥಣಿ, ಕಾಗವಾಡದ ನೆಂಟರೂ ಆಮೇಲೆ ನನ್ನನ್ನೇ ಕರೆದರು. ಮುಂದೆ ವಿಶ್ವವಿದ್ಯಾಲಯದ ಪದವಿ ಬಂದಾಗಲೂ ಆ ಜರಡಿಯಷ್ಟು ಖುಷಿಯಾಗಲಿಲ್ಲ.

ಇತ್ತೀಚೆಗೆ ಒಂದು ಸಂಗತಿ ಕಾಡುತ್ತಿದೆ. ಪಡಸಾಲೆಯ ಟೇಬಲ್ ಫ್ಯಾನು ಇಡೀ ಮಳೆಗಾಲ ಹುಳಗಳ ನಡುವೆಯೇ ತಿರುಗುತ್ತಿತ್ತು, ಅದಕ್ಕೆ ಆಯಿ ಎಂದೂ ಬಟ್ಟೆ ಕಟ್ಟಿರಲಿಲ್ಲ. ಕಂಪ್ಯೂಟರಿಗೂ ಮೊದಲ ದಿನವೇ ಕಟ್ಟಲಿಲ್ಲ. ಅಣ್ಣನ ಆಟವನ್ನು ಕೆಲವು ವಾರ ನೋಡಿದ ಮೇಲೆ ಕಟ್ಟಿದಳು. ಬಟ್ಟೆ ಕಟ್ಟಿದರೆ ಹರಿವು ಇಳಿಯುತ್ತದೆಂದು ನಲ್ಲಿಗಳಿಗೆ ಕಟ್ಟುವವಳಿಗೆ ಬೇರೆ ಯಾರು ಹೇಳಬೇಕು?

ಹೋದ ಸಲ ಊರಿಗೆ ಹೋದಾಗ, ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದ ಆಯಿಯ ಬಳಿ ಹೋಗಿ ಕೇಳಿಯೇಬಿಟ್ಟೆ. ಅವಳು ನಕ್ಕು, ನೀನು ಉಂಡೆಯಾ ಎಂದಳು. ಫೋನಿನಲ್ಲೂ ಕೇಳಿದೆ, ಆಗ ಮಳೆಯ ಸುದ್ದಿ ತೆಗೆದಳು. ಕೇಳಿದ್ದು ಇಷ್ಟೇ:

"ಆಯಿ, ನೀ ಆ ಬಟ್ಟೆ ಕಟ್ಟಿದ್ದು ಹುಳಾ ಸಾಯಬಾರದಂತೋ, ಆಟದಾಗಿನ ಮಂದಿ ಸಾಯಬಾರದಂತೋ?"